ರೀನಲ್, ನೆಫ್ರೊ ಮತ್ತು ಸನ್ಮತಿ ಮಾಸ್ತರರ ಅವ್ವ

ಚಿಕ್ಕೋಡಿಯ ನರ್ಸಿಂಗ್ ಶಾಲೆಯಲ್ಲಿ ಶರೀರಶಾಸ್ತ್ರ ಕಲಿಸುವ ಸನ್ಮತಿ ಮಾಸ್ತರರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೆ ಕಾರಣ ಗ್ರೀಕರು ಮತ್ತು ರೋಮನ್ನರು. ಸತ್ತು ಎಷ್ಟೋ ಶತಮಾನವಾದರೂ ಆ ಪುಣ್ಯಾತ್ಮರು ಒಂದೇ ಮೂತ್ರಪಿಂಡಕ್ಕೆ ಎರಡು ಹೆಸರು ಬಿಟ್ಟುಹೋಗಿದ್ದಾರೆ. ಲ್ಯಾಟಿನ್ನಿನಿಂದ ರೀನಲ್, ಗ್ರೀಕಿನಿಂದ ನೆಫ್ರೊ. ಹುಡುಗಿಯರು ಎರಡನ್ನೂ ಬಾಯಿಪಾಠ ಮಾಡಿ, ಎರಡು ಬೇರೆ ಅಂಗಗಳೆಂದು ಬರೆಯುತ್ತಾರೆ.

ಮಾಸ್ತರರು ಹೇಳದೆ ಬಿಟ್ಟದ್ದೇನಿಲ್ಲ. ರಾಜ್ಯ ಆಳಿದವರು ರೋಮನ್ನರು, ಅವರಿಗೆ ಮದ್ದು ಕೊಟ್ಟ ವೈದ್ಯರು ಹೆಚ್ಚಾಗಿ ಗ್ರೀಕರು. ಹಾಗಾಗಿ ಅಂಗದ ಹೆಸರು ಬಹುಮಟ್ಟಿಗೆ ಲ್ಯಾಟಿನ್, ರೋಗದ್ದು ಬಹುಮಟ್ಟಿಗೆ ಗ್ರೀಕ್. ಟೆಲಿಫೋನ್ ಪೂರಾ ಗ್ರೀಕ್, ಮೊಬೈಲ್ ಲ್ಯಾಟಿನ್. ಟೆಲಿವಿಷನ್ ಅರ್ಧ ಅದು, ಅರ್ಧ ಇದು. ಕನ್ನಡದ ಬೋರಗಾಂವದ ವರನಿಗೆ ಗಡಿಯಾಚೆ ಮರಾಠಿ ಇಚಲಕರಂಜಿಯ ವಧು ತಂದ ಹಾಗೆ. ಮಾಸ್ತರರ ಮದುವೆಯೂ ಅಂಥದ್ದೇ. ಆದರೂ ತರಗತಿಯಲ್ಲಿ ಎಲ್ಲವೂ ಬೋರ್ಗಲ್ಲ ಮೇಲೆ ಮಳೆಗರೆದಂತೆ. ಸಾಕಾಗಿಹೋಗಿದೆ ಮನುಷ್ಯನಿಗೆ.

ಹೋದ ವರ್ಷ ಅವರ ಅವ್ವ ಲಕ್ಷ್ಮಿಬಾಯಿಯ ಮೂತ್ರಪಿಂಡ ಸೊರಗಿ ಕಾಲು ಬಾತವು. ಚಿಕ್ಕೋಡಿಯಲ್ಲಿ ತೋರಿಸಿ ಗುಳಿಗೆ ತಂದರು. ನೋಡಲು ಬಂದ ಬೀಗರಿಗೆಲ್ಲ ಮಾಸ್ತರರು ರೀನಲ್ ತೊಂದರೆ ಎಂದರು. ನಮ್ಮ ಕಡೆ ಮಿರಜಿನ ದೊಡ್ಡಾಸ್ಪತ್ರೆಗೆ ಹೋಗಿಬರುವವರೆಗೆ ರೋಗಕ್ಕೂ ಮರ್ಯಾದೆ ಇಲ್ಲ. ಮಿರಜಿನ ಡಾಕ್ಟರರು ಹಳೆಯ ಗುಳಿಗೆ ಮುಂದುವರಿಸಿ ಎಂದು ಹೇಳಿ, ಹೊಸದೊಂದು ಸೇರಿಸಿದರು. ಅಲ್ಲಿಂದ ಬಂದ ಮೇಲೆ ಮಾಸ್ತರರು ಅದೇ ಬೀಗರಿಗೆ ನೆಫ್ರೊ ಎಂದರು. ಅವ್ವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು.

ಮೊನ್ನೆ ಅವಳ ಕಾಲು ಮತ್ತೆ ಬಾತವು. ನೋಡಿದರೆ ಚಿಕ್ಕೋಡಿಯ ಗುಳಿಗೆ ಹಾಗೇ ಉಳಿದಿವೆ. ಯಾಕೆಂದು ಕೇಳಿದ್ದಕ್ಕೆ ಅವ್ವ ನೆಮ್ಮದಿಯಿಂದ ಹೇಳಿದಳು:

“ರೀನಲ್ ಕಮ್ಮಿ ಆತಲ್ಲೋ. ಕಾಲಿನ ಬಾವು ಇಳದಿತ್ತು. ಈಗ ನೆಫ್ರೊ ಒಂದ ಉಳದೈತಿ, ಅದರ ಗುಳಗಿ ತಗೋಳಾಕತ್ತೇನಿ.”

ಮಾಸ್ತರರು ಹಣೆ ಬಡಿದುಕೊಂಡರು. ಗ್ರೀಕರನ್ನೂ ರೋಮನ್ನರನ್ನೂ ಒಟ್ಟಿಗೇ ಬೈದರು. ಊರ ಹುಡುಗಿಯರಿಗೆಲ್ಲ ಕಲಿಸುವವನ ಮನೆಯಲ್ಲೇ ಹೀಗಾಗಿತ್ತು.

“ಎರಡೂ ಒಂದ ಬೇ ಅವ್ವಾ. ನಾ ನಿನಗ ಅವ್ವ ಅಂತೇನಿ, ನಿನ್ನ ಸೊಸಿ ತೃಪ್ತಿ ಮರಾಠಿಯಾಗ ಆಯಿ ಅಂತಾಳ. ಹಂಗಂತ ನೀ ಇಬ್ಬರೇನ?”

ಲಕ್ಷ್ಮಿಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಇಬ್ಬರೂ ಕರೀತೀರಿ ಖರೆ. ಗುಳಗಿ ತಗೊಂಡಿ ಏನಂತ ಒಬ್ಬರೂ ಕೇಳಂಗಿಲ್ಲ.”

ಹೊರಗೆ ಹೊತ್ತು ಇಳಿಯುತ್ತಿತ್ತು. ಜೈನರ ಮನೆ; ಹೊತ್ತು ಮುಳುಗಿದ ಮೇಲೆ ಅವ್ವ ನೀರನ್ನೂ ಬಾಯಿಗೆ ಹಾಕುವವಳಲ್ಲ. ಮಾಸ್ತರರು ಒಳಗೆ ಹೋಗಿ, ಚಿಕ್ಕೋಡಿಯ ಗುಳಿಗೆಯನ್ನೂ ನೀರಿನ ತಂಬಿಗೆಯನ್ನೂ ತಾವೇ ತಂದರು.