ಅಣ್ಣ ಮಾಲೆ ಹಾಕಿದ ವರ್ಷ

ನಿನ್ನೆ ಪೀಣ್ಯದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಪ್ಪು ಪಂಚೆಯ ಅಯ್ಯಪ್ಪ ಭಕ್ತನೊಬ್ಬ ಪಕ್ಕದಲ್ಲಿ ಬಂದು ನಿಂತ. ಮೈಯೆಲ್ಲ ವಿಭೂತಿಯ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಭಕ್ತಿ ಬರುವುದಿಲ್ಲ, ಅಣ್ಣ ನೆನಪಾಗುತ್ತಾನೆ. ದೇವರು ಬೇಜಾರು ಮಾಡಿಕೊಳ್ಳಬಾರದು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿಬ್ಬರೂ ಅಲ್ಲಿಯೇ ಒಬ್ಬರ ಶೆಡ್ಡಿನಲ್ಲಿ ಲೇತ್ ಮೆಷಿನ್ ಕೆಲಸಕ್ಕಿದ್ದೆವು. ಅಣ್ಣನ ಕೆಲಸಕ್ಕೆ ಹೆಸರಿತ್ತು. ಆದರೆ ಬೆಳಿಗ್ಗೆ ಒಂದು ಗುಟುಕು ಒಳಗೆ ಇಳಿಯದೆ ಅವನ ಕೈನಡುಕ ನಿಲ್ಲುತ್ತಿರಲಿಲ್ಲ. ತಾತ ಹೋದದ್ದು ಸಾರಾಯಿಯಿಂದ, ಅಪ್ಪ ಹೋದದ್ದೂ ಅದರಿಂದಲೇ. ಹೆಣ್ಣು ಕೊಡುವವರು ಕೇಳಿದರೆ ಮಾತ್ರ ‘ಹೊಟ್ಟೆನೋವು’ ಎನ್ನುತ್ತಿದ್ದೆವು.

ಆ ವರ್ಷ ಅಣ್ಣ ಮಾಲೆ ಹಾಕಿದ. ಮಾಲೆ ಹಾಕಿದರೆ ನಲವತ್ತೊಂದು ದಿನ ಕುಡಿಯುವಂತಿಲ್ಲ ನೋಡಿ, ಒಂದೇ ದಿನಕ್ಕೆ ಬಿಟ್ಟ. ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಮೂರನೆಯ ದಿನ ಭಜನೆಯ ನಡುವೆ ಅವನ ಮೈ ಗಡಗಡ ನಡುಗಿತು, ಬೆವರು ಸುರಿಯಿತು; ಗೋಡೆ ನೋಡುತ್ತಾ ಯಾರೊಡನೆಯೋ ಮಾತಾಡತೊಡಗಿದ.

“ಸಾಮಿ ಮೈಮೇಲೆ ಬಂದವ್ನೆ ಕಣ್ರೋ! ಆರತಿ ತನ್ನಿ!” ಎಂದು ಅಮ್ಮ ಅಡ್ಡಬಿದ್ದಳು. ನಾನೂ ಬಿದ್ದೆ. ಬಿದ್ದದ್ದಲ್ಲದೆ, ನಾನು ಫೋರ್‌ಮನ್ ಆಗುತ್ತೇನೆಯೇ ಎಂದೂ ಕೇಳಿದೆ. “ಗೋಡೆ ತುಂಬಾ ಇರುವೆ ಕಣೋ, ಒರ್ಸೋ” ಎಂದ ಅಣ್ಣ, ಅಲ್ಲೇ ಫಿಟ್ಸ್ ಬಂದು ಬಿದ್ದುಬಿಟ್ಟ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಬೈಯಲಿಲ್ಲ. “ಬಿಟ್ಟಿದ್ದು ಒಳ್ಳೇದೇ. ಆದ್ರೆ ಇಷ್ಟು ಕುಡಿಯೋರು ಔಷಧಿ ಇಲ್ದೆ ಒಂದೇ ಸಲ ಬಿಟ್ರೆ ಜೀವಕ್ಕೇ ಅಪಾಯ. ತಂದೆ ಕುಡೀತಿದ್ರಾ? ತಾತ?”

ಹೊಟ್ಟೆನೋವು ಎನ್ನಲು ಹೋಗಿ ತಡೆದುಕೊಂಡೆ. “ಇಬ್ರೂ ಅದ್ರಿಂದ್ಲೇ ಹೋದ್ರು ಮೇಡಂ.” ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಕೆಲವು ಮನೆತನದಲ್ಲಿ ಇದು ರಕ್ತದಲ್ಲೇ ಬರುತ್ತೆ. ಅಂಥೋರನ್ನ ಕುಡಿತ ಬೇಗ ಹಿಡಿಯುತ್ತೆ, ಬಿಡೋವಾಗ್ಲೂ ಕಾಡುತ್ತೆ. ಹಾಗಂತ ಎಲ್ರಿಗೂ ಬಂದೇ ಬರುತ್ತೆ ಅಂತಿಲ್ಲ. ಮುಟ್ಟದೇ ಇದ್ರೆ ಆಯ್ತು. ನೀವು ಹೇಗೆ?”

“ಶನಿವಾರ ಮಾತ್ರ” ಎಂದೆ. ಅವರು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ಅಂದೇ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಇನ್ನೆರಡು ಶನಿವಾರ ಹಿಡಿಯಿತು.

ಅಣ್ಣ ಉಳಿದುಕೊಂಡ. ಆ ವರ್ಷ ಶಬರಿಮಲೆಗೆ ಹೋಗಲಾಗಲಿಲ್ಲ, ಮರುವರ್ಷ ಹೋಗಿಬಂದ. ಈಗ ಮೊಮ್ಮಗಳಿಗೆ ಸೈಕಲ್ ಕಲಿಸುತ್ತಿದ್ದಾನೆ.

ಇದನ್ನೆಲ್ಲ ನನ್ನ ಮಗನಿಗೆ ಮಾತ್ರ ಯಾವತ್ತೂ ಹೇಳಿರಲಿಲ್ಲ. ಮರ್ಯಾದೆಯ ಪ್ರಶ್ನೆ ಅಂದುಕೊಂಡಿದ್ದೆ, ನಿಜವಾಗಿ ಅದು ಹೆದರಿಕೆ. ನಿನ್ನೆ ಬಸ್ಸಿಳಿದು ಮನೆಗೆ ಹೋದವನೇ ಅವನನ್ನು ಕೂರಿಸಿಕೊಂಡು ತಾತನಿಂದ ಹಿಡಿದು ನನ್ನ ಶನಿವಾರಗಳವರೆಗೆ ಎಲ್ಲ ಹೇಳಿದೆ.

“ಅಪ್ಪಾ, ಹೋದ ತಿಂಗಳು ನಾನೂ ಶುರು ಮಾಡಿದ್ದೆ. ನಿಲ್ಲಿಸ್ತೀನಿ” ಎಂದ ಮಗ.

ಕೋಪ ಬರಬೇಕಿತ್ತು, ಅಳು ಬಂತು. ನಮ್ಮ ಮನೆತನದಲ್ಲಿ ಇಷ್ಟು ಬೇಗ ಬಾಯಿಬಿಟ್ಟವನು ಅವನೇ ಮೊದಲಿಗ.