ನಾನು ತೊಳಸಿದ ಹಿಟ್ಟು

ನೇಪಾಳದ ಬೆಟ್ಟದೂರಿನಿಂದ ನಾವು ಸೋಮನಹಳ್ಳಿಗೆ ಬಂದದ್ದು ನನ್ನ ಗಂಡನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ. ಒಕ್ಕಲು ಮನೆಯೊಂದರ ಹಿಂಭಾಗವನ್ನು ಬಾಡಿಗೆಗೆ ಹಿಡಿದೆವು. ಮನೆಯ ಯಜಮಾನಿಯನ್ನು ಎಲ್ಲರಂತೆ ನಾನೂ ಅವ್ವ ಎನ್ನುತ್ತಿದ್ದೆ.

ಯುಗಾದಿಯ ಮಾರನೆಯ ದಿನ ಇಲ್ಲಿ ವರ್ಷತೊಡಕು. ಊರವರು ಸೇರಿ ಕುರಿ ಕಡಿದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಮನೆಮನೆಯಲ್ಲೂ ಬಾಡೂಟ. ಅವ್ವ ನಮ್ಮನ್ನು ಪ್ರತಿ ವರ್ಷ ಕರೆಯುತ್ತಿದ್ದರು. ಆದರೆ ಎಲ್ಲರ ಎಲೆಗೂ ರಾಗಿ ಮುದ್ದೆ ಬಿದ್ದರೆ, ನಮ್ಮಿಬ್ಬರ ಎಲೆಗೆ ಅನ್ನ. ಪರದೇಶದವರು, ಮುದ್ದೆ ನುಂಗಲಾರರು ಎಂಬ ಕನಿಕರ. ಆಗ ನನಗೆ ಕನ್ನಡ ಅಷ್ಟಾಗಿ ಬಾರದು. ಇಕ್ಕಿದ್ದನ್ನು ಉಂಡು ಏಳುತ್ತಿದ್ದೆ.

ಕಳೆದ ವರ್ಷದ ತೊಡಕಿಗೆ ಮಳವಳ್ಳಿಯಿಂದ ಅವ್ವನ ಅಣ್ಣ ಸಂಸಾರ ಸಮೇತ ಬಂದಿದ್ದರು. ಹಿತ್ತಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮುದ್ದೆಯ ಹಿಟ್ಟು ಬೇಯುತ್ತಿತ್ತು. ಅವ್ವ ಕೋಲು ಹಿಡಿದು ತೊಳಸತೊಡಗಿದವರು ಸ್ವಲ್ಪ ಹೊತ್ತಿಗೇ ಭುಜ ಹಿಡಿದುಕೊಂಡು ನಿಲ್ಲಿಸಿಬಿಟ್ಟರು. ಸೊಸೆ ಬಾಣಂತಿ, ಒಳಗೆ ಮಲಗಿದ್ದಳು. ನಾನು ಕೋಲಿಗೆ ಕೈ ಚಾಚಿದೆ.

"ನಿನ್ ಕೈಲಿ ಆಗಾಕಿಲ್ಲ ಬುಡವ್ವ. ಸುಟ್ಕತೀಯ" ಎಂದರು.

"ನಮ್ಮೂರಲ್ಲೂ ರಾಗಿ ಬೆಳೀತೀವಿ ಕಣವ್ವ. ಇಂಗೇ ತೊಳಸ್ತೀವಿ."

ಅವ್ವ ನನ್ನ ಮುಖವನ್ನೇ ನೋಡಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಯಾರೂ ಕೇಳಲಿಲ್ಲವಲ್ಲ ಎಂದೆ.

ತೊಳಸಿದ ರಾಗಿ ಹಿಟ್ಟನ್ನು ನಾವು ಢಿಂಡೋ ಎನ್ನುತ್ತೇವೆ. ಅಮ್ಮ ಕಬ್ಬಿಣದ ಬಾಣಲೆಯಲ್ಲಿ ತೊಳಸುತ್ತಿದ್ದಂತೆಯೇ, ತಳದಿಂದ ಮೇಲಕ್ಕೆ, ಕೈ ಬಿಡದೆ ತೊಳಸಿದೆ. ಹೊಗೆಗೆ ಕಣ್ಣು ಉರಿಯಿತು, ತೋಳು ಸೋತಿತು. ಕೊನೆಗೆ ಹಿಟ್ಟು ಪಾತ್ರೆ ಬಿಟ್ಟು ಬಂತು. ಮುದ್ದೆ ಕಟ್ಟುವುದು ಮಾತ್ರ ಗೊತ್ತಿರಲಿಲ್ಲ. ನಮ್ಮಲ್ಲಿ ತಟ್ಟೆಗೆ ಹಾಗೇ ಹಾಕಿಕೊಳ್ಳುವುದು. ನನ್ನ ಮೊದಲ ಮುದ್ದೆ ಚಪ್ಪಟೆಯಾಗಿ ಕೂತಿತು. ಅವ್ವ ನಗುತ್ತ, ಒಂದೇ ಕೈಯಲ್ಲಿ ಉರುಳಿಸಿ ತೋರಿಸಿಕೊಟ್ಟರು.

ಅವ್ವನ ಅಣ್ಣ ಹಿಟ್ಟಿನ ವಿಷಯದಲ್ಲಿ ಬಲು ಬಿಗಿ, ಗಂಟು ಸಿಕ್ಕಿದರೆ ಊಟ ಬಿಟ್ಟು ಏಳುವವರು ಎಂದು ಮೊದಲೇ ಕೇಳಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ. ಮುರಿದು, ಸಾರಿಗೆ ಅದ್ದಿ ನುಂಗಿದರು. ಯಾರು ತೊಳಸಿದ್ದು ಎಂದು ವಿಚಾರಿಸಿದರು. ಅವ್ವ ನನ್ನತ್ತ ಕೈ ತೋರಿಸಿದರು.

"ಒಂದ್ ಗಂಟೂ ಇಲ್ವಲ್ಲವ್ವ. ಇನ್ನೊಂದು ಇಕ್ಕು" ಎಂದರು ಅವರು.

ಆ ಮುದ್ದೆಯನ್ನು ನಾನೇ ಒಯ್ದು ಇಕ್ಕಿದೆ. ಆಮೇಲೆ ಹೆಂಗಸರ ಪಂಕ್ತಿಯಲ್ಲಿ ಅವ್ವನ ಪಕ್ಕದಲ್ಲೇ ಕೂತು ಹೊಟ್ಟೆ ಬಿರಿಯುವಷ್ಟು ಉಂಡೆ.

ಸಂಜೆ ಊರಿಗೆ ವಿಡಿಯೊ ಕಾಲ್ ಮಾಡಿದಾಗ ಅವ್ವ ಉಳಿದಿದ್ದ ಮುದ್ದೆಯೊಂದನ್ನು ತಂದು ಫೋನಿನ ಮುಂದೆ ಹಿಡಿದರು. ನಿಮ್ಮ ಮಗಳು ಮಾಡಿದ್ದು ಎಂದು ಅಮ್ಮನಿಗೆ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದರು. ನಾನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆಯುತ್ತಿದ್ದಳು.