ಕಾಗದ ಓದಿದ ತಪ್ಪಿಗೆ

ಅವರ ಬಲಗೈಯ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಯಾವಾಗಲೋ ಆಫೀಸಿನ ಕಪಾಟಿನ ಬಾಗಿಲಿಗೆ ಸಿಕ್ಕಿದ್ದಂತೆ. ಆ ಉಗುರನ್ನು ಸಾಲಿನ ಅಡಿಯಲ್ಲಿ ಎಳೆಯುತ್ತಾ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಬಿಟ್ಟವರಲ್ಲ. ದೇರೆಬೈಲಿನ ನಮ್ಮ ಬಾಡಿಗೆ ಕಟ್ಟಡದಲ್ಲಿ ಐದು ಸಂಸಾರ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅವರು ಮಹಡಿಯಲ್ಲಿ, ಹೊಲಿಗೆ ಕೆಲಸದ ನಾನು ಕೆಳಗೆ. ನಮಗೆಲ್ಲ ಅವರು ಮೇಲಿನ ಮನೆಯ ಮಾಮ. "ಅಕ್ಷರ ಸಣ್ಣದಾದಷ್ಟು ಸಂಗತಿ ದೊಡ್ಡದುಂಟು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಮನೆ ಯಜಮಾನರು ವರ್ಷಕ್ಕೊಮ್ಮೆ ಬಾಡಿಗೆಯ ಜೊತೆ ಇನ್ಶೂರೆನ್ಸ್ ಎಂದು ಬೇರೆ ವಸೂಲಿ ಮಾಡುತ್ತಿದ್ದರು. "ಬೆಂಕಿ ಬರಲಿ, ನೀರು ಬರಲಿ, ನಿಮಗೆಂತ ಹೆದರಿಕೆ?" ಎಂಬ ಭರವಸೆ ಬಿಟ್ಟಿ. ಮಾಮ ಒಬ್ಬರೇ ಕೊಡುತ್ತಿರಲಿಲ್ಲ.

"ಕಾಗದ ತೋರಿಸದೆ ಎಂತ ದುಡ್ಡು? ಕಟ್ಟಡ ಅವರದ್ದು, ಒಳಗಿನ ಸಾಮಾನು ನಿಂದು. ಎರಡಕ್ಕೂ ಪಾಲಿಸಿ ಬೇರೆ ಬೇರೆ ಮಾರಾಯ್ತಿ. ನಿನ್ನ ಮೆಷಿನಿಗೆ ನೀನೇ ಮಾಡಿಸು" ಎಂದು ನನಗೆ ಹೇಳಿಯೂ ಇದ್ದರು. ಎರಡೆರಡು ಸಲ ಕಟ್ಟಲು ನನಗೇನು ಹುಚ್ಚೇ ಎಂದುಕೊಂಡೆ.

ಒಂದು ಮಳೆಗಾಲದಲ್ಲಿ ಮನೆ ಬದಿಯ ನೀರಿನ ತೋಡು ಉಕ್ಕಿ ಕೆಸರು ನೀರು ಮೊಣಕಾಲೆತ್ತರಕ್ಕೆ ಒಳಗೆ ನುಗ್ಗಿತು. ಮೂರೂ ಹೊಲಿಗೆ ಮೆಷಿನುಗಳ ಮೋಟಾರು ಹೋದವು. ನನ್ನ ಅನ್ನವೇ ಆ ಮೂರು ಮೆಷಿನು. ಯಜಮಾನರನ್ನು ಕಾಡಿ ಬೇಡಿ ಪಾಲಿಸಿಯ ಜೆರಾಕ್ಸ್ ತಂದು ಮಾಮನ ಮುಂದಿಟ್ಟೆ. ಅವರ ಬೆರಳು ಒಂದು ಸಾಲಿನಲ್ಲಿ ನಿಂತಿತು. ವಿಮೆ ಇದ್ದದ್ದು ಕಟ್ಟಡಕ್ಕೆ ಮಾತ್ರ, ಯಜಮಾನರ ಹೆಸರಿನಲ್ಲಿ. ಬಾಡಿಗೆಯವರ ಸಾಮಾನು ಅದರಲ್ಲಿ ಸೇರಿರಲೇ ಇಲ್ಲ. ಏಳು ವರ್ಷ ರವಿಕೆ ಹೊಲಿದು ನಾನು ಅವರ ಗೋಡೆಗೆ ವಿಮೆ ಕಟ್ಟಿದ್ದೆ! ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಮಾಮ ನನ್ನನ್ನು ಕರೆದುಕೊಂಡು ನೇರ ಯಜಮಾನರ ಜಗಲಿಗೆ ಹೋದರು.

"ಇವಳ ದುಡ್ಡಲ್ಲಿ ನಿಮ್ಮ ಗೋಡೆಗೆ ಪಾಲಿಸಿ ಮಾಡಿದ್ದು ಯಾವ ನ್ಯಾಯ?"

"ಗೋಡೆ ಇಲ್ಲದಿದ್ರೆ ಇವರು ಇರುವುದು ಎಲ್ಲಿ?" ಎಂದರು ಯಜಮಾನರು, ಕೂತಲ್ಲಿಂದ ಏಳದೆ.

"ಅದಕ್ಕೆ ಬಾಡಿಗೆ ಕೊಡ್ತಾರಲ್ಲ ಮಾರಾಯ್ರೆ! ಮತ್ತೆ ಇದು ಎಂತದ್ದು?"

ಯಜಮಾನರು ಎದ್ದು ಒಳಗೆ ಹೋದರು. ವಸೂಲಿ ಮಾತ್ರ ನಿಂತಿತು. ಮಾಮ ನನ್ನ ಹಳೆಯ ಬಿಲ್ಲುಗಳನ್ನು ಹುಡುಕಿಸಿ, ನಾನು ಸಾಲ ಮಾಡಿ ತಂದ ಹೊಸ ಮೆಷಿನಿನ ಫೋಟೋ ತೆಗೆಸಿ, ಒಳಗಿನ ಸಾಮಾನಿಗೆಲ್ಲ ನನ್ನದೇ ಹೆಸರಿನಲ್ಲಿ ಪಾಲಿಸಿ ಮಾಡಿಸಿಕೊಟ್ಟರು. ಎರಡು ತಿಂಗಳಲ್ಲಿ ಮಾಮನಿಗೆ ಮನೆ ಬಿಡಲು ಹೇಳಿಕೆ ಬಂತು. ಯಜಮಾನರ ಮಗಳು ಬರುತ್ತಾಳಂತೆ. ಯಾವ ಮಗಳೂ ಬರಲಿಲ್ಲ, ಮಹಡಿಗೆ ಇವತ್ತಿಗೂ ಬೀಗ.

ಎಪ್ಪತ್ತರ ಮೇಲಿನ ಮನುಷ್ಯ ಕಾಟಿಪಳ್ಳದಲ್ಲಿ ಇನ್ನೊಂದು ಬಾಡಿಗೆ ಮನೆ ಹುಡುಕಿಕೊಂಡರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಯಜಮಾನರನ್ನು ನಾನು ಬೈಯದ ದಿನವಿಲ್ಲ. ಆದರೆ ಮಾಮನ ಸಾಮಾನು ಟೆಂಪೋಗೆ ಏರಿಸುವಾಗ, "ಇವರನ್ನು ಯಾಕೆ ಬಿಡಿಸುತ್ತೀರಿ?" ಎಂದು ನಾಲ್ಕು ಮನೆಯವರಲ್ಲಿ ಒಬ್ಬರೂ ಕೇಳಲಿಲ್ಲ. ನನ್ನನ್ನೂ ಬಿಡಿಸಿಯಾರು ಎಂಬ ಹೆದರಿಕೆಯಲ್ಲಿ ನಾನು ಒಳಗೆ ಕೂತು ಮೆಷಿನು ತುಳಿಯುತ್ತಲೇ ಇದ್ದೆ.